ಕರಿ ದಿನದ ಸಮುದ್ರ

ದ್ಯಾಮಣ್ಣ ಕಾಕಾ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕಾಲನ್ನು. ಮುಖದ ಸರದಿ ಆಮೇಲೆ. ಜೀಪಿನಿಂದ ಇಳಿದ ಸಾಹೇಬರಾದರೂ ಅಷ್ಟೇ, ಊರಿಗೆ ಬಂದ ಹೊಸ ಅಳಿಯನಾದರೂ ಅಷ್ಟೇ. ಕೆರೆಯ ಗೇಟಿನ ಬಾಜುವಿನ ಬೇವಿನ ಗಿಡದ ಬುಡದಲ್ಲಿ ಕೂತು, ಬಂದವರ ಪಾದದ ಮೇಲೆ ಕಣ್ಣು ನೆಟ್ಟು, "ಚಪ್ಪಲಿ ಅಲ್ಲೇ ಬಿಡ್ರಿ" ಅನ್ನುತ್ತಿದ್ದರು. ಅದಾದ ಮೇಲೆಯೇ ತಲೆ ಎತ್ತಿ, "ಆರಾಮ ಅದೀರೇನು?" ಎಂಬ ಕುಶಲ ಪ್ರಶ್ನೆ. ತಾವಂತೂ ಜನ್ಮದಲ್ಲಿ ಚಪ್ಪಲಿ ಹಾಕಿದವರಲ್ಲ. ಅವರ ಹಿಮ್ಮಡಿ ಬೇಸಿಗೆಯ ಎರೆ ಹೊಲದಂತೆ ಬಿರುಕು ಬಿಟ್ಟಿರುತ್ತಿತ್ತು.

ನಮ್ಮ ಊರು ಶಲವಡಿಯಿಂದ ಒಳಗೆ ಸರಿದು ಕಪ್ಪು ಮಣ್ಣಿನ ಎರೆ ಹೊಲಗಳ ನಡುವೆ ಕೂತಿದೆ. ಬೋರು ಕೊರೆಸಿದರೆ ಬರುವುದು ಉಪ್ಪುಪ್ಪಾದ ಸವುಳು ನೀರು. ಅದರಲ್ಲಿ ತೊಗರಿಬೇಳೆ ಹೊತ್ತು ಮುಳುಗುವ ತನಕ ಕುದಿಸಿದರೂ ಕಲ್ಲಾಗಿಯೇ ಇರುತ್ತದೆ. ಕುಡಿಯಲು, ಬೇಯಿಸಲು ಇರುವುದು ಊರ ಮುಂದಿನ ಒಂದು ಕೆರೆ. ಕಾಲುವೆಗೆ ನೀರು ಬಿಟ್ಟಾಗ ಅದನ್ನು ತುಂಬಿಸಿಕೊಂಡರೆ ಮುಂದಿನ ಮಳೆಗಾಲದ ತನಕ ಊರೆಲ್ಲ ಅದನ್ನೇ ನಂಬಿರಬೇಕು. ಹೀಗಾಗಿ ನಮ್ಮಲ್ಲಿ ಕೆರೆಗೆ ಯಾರೂ ಕಾಲಿಡುವುದಿಲ್ಲ. ದನ ಇಳಿಸುವುದಿಲ್ಲ, ಮುಖ ಕೂಡ ತೊಳೆಯುವುದಿಲ್ಲ. ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು, ಒಣ ಮೆಟ್ಟಿಲ ಮೇಲೆ ನಿಂತು, ಬಗ್ಗಿ ಕೊಡ ಅದ್ದಬೇಕು. ಇದನ್ನು ಕಾಯಲು ಪಂಚಾಯಿತಿಯವರು ಇಟ್ಟ ಮನುಷ್ಯ ದ್ಯಾಮಣ್ಣ ಕಾಕಾ. ಗೇಟಿನ ಚಾವಿ ಕರಿದಾರದಲ್ಲಿ ಸದಾ ಅವರ ಕೊರಳಲ್ಲಿ ಇರುತ್ತಿತ್ತು. ತಮ್ಮನ ಮನೆಯಲ್ಲಿ ಅವರ ಊಟ, ಉಳಿದ ಹೊತ್ತೆಲ್ಲ ಕೆರೆಯ ದಂಡೆ.

ನಾನು ಕಲಘಟಗಿ ಕಡೆಯವಳು. ನಮ್ಮ ತವರಿನಲ್ಲಿ ಹಿತ್ತಲ ಬಾಗಿಲು ತೆಗೆದರೆ ಹಳ್ಳ. ಬಟ್ಟೆ, ಪಾತ್ರೆ, ಎಮ್ಮೆ, ನಾವು, ಎಲ್ಲ ಒಂದೇ ನೀರಿನಲ್ಲಿ. ಮದುವೆಯಾಗಿ ಬಂದ ಹೊಸದರಲ್ಲಿ ಕೊಡ ಹಿಡಿದು ಕೆರೆಗೆ ಹೋದವಳು, ತವರಿನ ರೂಢಿಯಂತೆ ಸೀರೆಯ ನೆರಿಗೆ ಎತ್ತಿ ಮೊಣಕಾಲ ತನಕ ನೀರಿಗೆ ಇಳಿದುಬಿಟ್ಟೆ. ಹಿಂದಿನಿಂದ ಗುಡುಗಿದಂತಾಯಿತು.

"ಯಾರ ಮನಿ ಸೊಸಿ ಬೇ ನೀ? ಕಾಲು ಮ್ಯಾಲೆ ತಗೀ. ಊರ ಮಂದಿ ಬಾಯಾಗ ಕಾಲಿಟ್ಟಿ."

ನಾನು ಕೊಡ ಅಲ್ಲೇ ಬಿಟ್ಟು ಅಳುತ್ತ ಮನೆಗೆ ಓಡಿದೆ. ಸಂಜೆ ಕಾಕಾ ತಾವೇ ಕೊಡ ತುಂಬಿಸಿ ಹೊತ್ತು ತಂದು ನಮ್ಮ ಕಟ್ಟೆಯ ಮೇಲೆ ಇಳಿಸಿದರು. ಸಮಾಧಾನ ಮಾಡುವ ಮಾತು ಅವರಿಗೆ ಬರುತ್ತಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಪಾದ ನೋಡಿ, "ಎಲ್ಲಾರೂ ಕೆರಿಗೆ ಅವ್ವ ಅಂತಾರ. ಅವ್ವ ಅಲ್ಲ ಯವ್ವಾ, ಸಣ್ಣ ಮಗಳು. ಅವ್ವ ಆಗಿದ್ರ ಆಕಿನ ನಮ್ಮನ್ನ ನೋಡ್ಕೋತಿದ್ಲು. ಮಗಳನ್ನ ನಾವ ನೋಡ್ಕೋಬೇಕು" ಅಂದರು. ಮರುದಿನದಿಂದ ನಾನು ಕೆರೆಯ ಕಡೆ ಬರುವುದು ಕಂಡರೆ ಸಾಕು, "ಹಾದಿ ಬಿಡ್ರಿ, ಕಲಘಟಗಿಯಾಕಿ ಬಂದ್ಲು. ಹೊಳಿ ಬೆನ್ನಿಗೆ ಕಟ್ಕೊಂಡ ಬಂದಿರ್ತಾಳ" ಎಂದು ಹೆಂಗಸರ ಮುಂದೆ ಕಾಡಿಸುತ್ತಿದ್ದರು. ಆ ಊರಿನಲ್ಲಿ ನನ್ನನ್ನು ಕಾಡಿಸಿದ ಮೊದಲ ಮನುಷ್ಯ ಅವರು, ಆದ್ದರಿಂದ ನನಗೆ ಮೊದಲು ಹತ್ತಿರದವರಾದದ್ದೂ ಅವರೇ.

ಕಾಕಾ ದೂರ ಊರು ಕಂಡವರಲ್ಲ. ವರ್ಷಕ್ಕೊಮ್ಮೆ ಯಮನೂರಿನ ದರ್ಗಾಕ್ಕೆ ಹೋಗಿ ಸಕ್ಕರೆ ಓದಿಸಿಕೊಂಡು ಅದೇ ದಿನ ತಿರುಗಿ ಬರುತ್ತಿದ್ದರು. ಹುಬ್ಬಳ್ಳಿಗೆ ಹೋದರೆ ಸಂಜೆಯೊಳಗೆ ಊರಲ್ಲಿರಬೇಕು. ಹೊರಗೆ ವಸ್ತಿ ಉಳಿಯುವ ಮಾತೇ ಇಲ್ಲ. ಆದರೆ ಒಂದು ಆಸೆ ಅವರಿಗಿತ್ತು. "ಕಾಲುವಿ ನೀರು ಎಲ್ಲಿಂದ ಬರತೈತಿ ಅಂತ ಗೊತ್ತೈತಿ. ಕಡೀಕ ಎಲ್ಲಾ ನೀರು ಎಲ್ಲಿಗೆ ಹೋಗಿ ಕೂಡತೈತಿ, ಅದನ್ನ ಒಮ್ಮೆ ನೋಡಬೇಕು" ಎನ್ನುತ್ತಿದ್ದರು. ನಾನು ಆ ಮಾತನ್ನು ಗಂಟು ಹಾಕಿಕೊಂಡೆ. ನಮ್ಮ ಮನೆಯವರದು ಬಾಡಿಗೆ ಓಡಿಸುವ ಕ್ರೂಸರ್ ಗಾಡಿ. ಒಂದು ವರ್ಷ ಸಂಕ್ರಮಣಕ್ಕೆ ಬಾಡಿಗೆ ಬರಲಿಲ್ಲ. ಸಂಕ್ರಮಣದಲ್ಲಿ ಮೈಗೆ ಎಳ್ಳು ಹಚ್ಚಿಕೊಂಡು ಹೊಳೆಗೆ ಹೋಗಿ ಮೀಯುವುದು ನಮ್ಮ ಕಡೆಯ ಪದ್ಧತಿ. ಹೊಳೆಯ ಬದಲು ಈ ಸಲ ಸಮುದ್ರಕ್ಕೇ ಹೋಗೋಣ ಎಂದು ಅತ್ತೆಯನ್ನು ಒಪ್ಪಿಸಿದೆ. ಆಮೇಲೆ ಬೇವಿನ ಗಿಡದ ಬುಡಕ್ಕೆ ಹೋಗಿ ಕಾಕಾನ ಬೆನ್ನು ಹತ್ತಿದೆ.

"ಕೆರಿ ಯಾರು ನೋಡ್ಕೋಬೇಕು?"

"ಫಕೀರಪ್ಪ ಅದಾನಲ್ರಿ. ಸಂಕ್ರಮಣದ ದಿನಾನ ಸಂಜಿಗೆ ಗೋಕರ್ಣ ಬಿಟ್ಟುಬಿಡೂಣು."

ಫಕೀರಪ್ಪ ಅವರ ಓಣಿಯವನು, ನಂಬಿಕೆಯ ಮನುಷ್ಯ. ಕಾಕಾ ಕೊರಳಿನಿಂದ ಚಾವಿ ತೆಗೆದು ಅವನ ಕೈಗಿಟ್ಟಾಗ ಅವರ ಎದೆಯ ಮೇಲೆ ಚಾವಿಯ ಆಕಾರದ್ದೇ ಒಂದು ಬಿಳಿ ಕಲೆ ಕಂಡಿತು. ಅದನ್ನು ನೋಡಿ ನಾವೆಲ್ಲ ನಕ್ಕೆವು.

ಅತ್ತೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮಾದಲಿಯ ಬುತ್ತಿ ಕಟ್ಟಿಕೊಂಡಿದ್ದರು. ಕಾಕಾ ತಂದದ್ದು ಒಂದೇ ಸಾಮಾನು: ಕೆರೆಯ ನೀರು ತುಂಬಿದ ಒಂದು ದೊಡ್ಡ ಕ್ಯಾನು. "ಮಂದಿ ಊರ ನೀರು ನನಗ ಒಗ್ಗೂದಿಲ್ಲ" ಎಂದು ಅದನ್ನು ಎರಡೂ ಕಾಲುಗಳ ನಡುವೆ ಹಿಡಿದು ಮುಂದಿನ ಸೀಟಿನಲ್ಲಿ ಕೂತರು. ನಡುರಾತ್ರಿ ದಾಟುತ್ತಲೇ ಹೊರಟು, ಕಲಘಟಗಿ ದಾಟಿ, ಯಲ್ಲಾಪುರ ದಾಟಿ, ಬೆಳಕು ಹರಿಯುವ ಹೊತ್ತಿಗೆ ಘಟ್ಟ ಇಳಿಯುವಾಗ ಗಿಡಗಳ ನಡುವೆ ಅಲ್ಲಲ್ಲಿ ಕಂಡ ಝರಿಗಳನ್ನು ನೋಡಿ ನನ್ನ ಕಡೆ ತಿರುಗಿ, "ನಿಮ್ಮ ಮಂದಿ ನೀರಾಗ ಯಾಕ ಕಾಲಿಡ್ತೀರಿ ಅಂತ ಈಗ ಗೊತ್ತಾತು. ಪಾಪ, ಕಾಲು ಇಡಾಕ ಒಣಾ ಜಾಗಾನ ಇಲ್ಲ" ಅಂದರು.

ಸಂಕ್ರಮಣದ ಬೆಳಿಗ್ಗೆ ಗೋಕರ್ಣದಲ್ಲಿ ಸಮುದ್ರದ ಮುಂದೆ ನಿಂತೆವು. ಕಾಕಾ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಇದಕ್ಕ ಕಾವಲ್ಯಾರು?"

"ಯಾರೂ ಇಲ್ರಿ ಕಾಕಾ."

"ಗೇಟಿಲ್ಲ, ಏನಿಲ್ಲ." ನೀರಿನಲ್ಲಿ ಚಪ್ಪಲಿ ಸಮೇತ ಕುಣಿಯುತ್ತಿದ್ದ ಜನರನ್ನು ನೋಡಿ ಅವರಿಗೆ ಸಂಕಟವಾಯಿತು. ನಾವು ಅವರನ್ನು ನೀರಿಗೆ ಎಳೆದೆವು. ಅವರು ತಡೆದು, ಕ್ಯಾನಿನ ಮುಚ್ಚಳ ಬಿಚ್ಚಿ, ಒಂದು ಹನಿಯನ್ನೂ ಸುಮ್ಮನೆ ಚೆಲ್ಲದ ಆ ಮನುಷ್ಯ, ಕೆರೆಯ ಸಿಹಿನೀರಿನಿಂದ ಎರಡೂ ಪಾದಗಳನ್ನು ಉಜ್ಜಿ ಉಜ್ಜಿ ತೊಳೆದುಕೊಂಡರು. ಸಮುದ್ರಕ್ಕೆ ಇಳಿಯಲು ಕಾಲು ತೊಳೆದುಕೊಂಡ ಮನುಷ್ಯನನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅವತ್ತು ನನಗೆ ನಗು ತಡೆಯಲಾಗಲಿಲ್ಲ. ಮರಳಿನ ಮೇಲೆ ಕೂತು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಒಂದು ಬೊಗಸೆ ಬಾಯಿಗೆ ಹಾಕಿ ಉಗುಳಿ, "ನಮ್ಮ ಬೋರಿನ ಅಪ್ಪ ಐತಿ ಇದು" ಅಂದರು. ಮತ್ತೆ ತೆರೆಗಳ ಕಡೆ ಕೈ ತೋರಿಸಿ, "ದೇವರು ಶ್ಯಾಣ್ಯಾ ಅದಾನ. ಇಷ್ಟ್ ದೊಡ್ಡದಕ್ಕ ಕಾವಲಿನವರನ್ನ ಎಲ್ಲಿಂದ ತರಬೇಕು? ಉಪ್ಪನ್ನ ಕಾವಲಿಟ್ಟಾನ" ಅಂದರು.

ಮಿಂದು ಬಂದ ಮೇಲೆ ಅವರು ಮರಳಿನ ಮೇಲೆ ಚೆಲ್ಲಾಪಿಲ್ಲಿ ಬಿದ್ದಿದ್ದ ಚಪ್ಪಲಿಗಳನ್ನು ನೋಡಲಾರದೆ ಜೋಡಿ ಜೋಡಿಯಾಗಿ ಸಾಲಾಗಿ ಇಡಲು ಶುರು ಮಾಡಿದರು. ಯಾವುದೋ ಊರಿನ ಒಂದು ಹಿಂಡು ಹುಡುಗಿಯರು ಅವರನ್ನು ಚಪ್ಪಲಿ ಕಾಯುವವರೆಂದೇ ತಿಳಿದು, "ಅಜ್ಜಾ, ಇವನ್ನೂ ನೋಡ್ಕೊಳ್ಳಿ" ಎಂದು ಬಿಟ್ಟುಹೋದರು. ಆ ಹುಡುಗಿಯರು ತಿರುಗಿ ಬರುವ ತನಕ ಕಾಕಾ ಆ ಜಾಗ ಬಿಟ್ಟು ಏಳಲಿಲ್ಲ. ಬುತ್ತಿಯನ್ನು ನಾವು ಅಲ್ಲಿಗೇ ಒಯ್ದು ಬಡಿಸಬೇಕಾಯಿತು.

ಇಲ್ಲಿಯ ತನಕ ಎಲ್ಲ ಸರಿ. ಮುಂದಿನದನ್ನು ಬರೆಯಲು ಕೈ ಬರುವುದಿಲ್ಲ.

ಮಾತಿನಂತೆ ಸಂಜೆ ನಾವು ಊರಿಗೆ ಹೊರಡಬೇಕಿತ್ತು. ಕಾಕಾ ಮಧ್ಯಾಹ್ನದಿಂದಲೇ ಗಾಡಿಯ ಹತ್ತಿರ ಹೋಗಿ ನಿಂತಿದ್ದರು. ಆದರೆ ನನಗೆ ಇನ್ನೂ ಕಣ್ಣು ತುಂಬಿರಲಿಲ್ಲ. ಗೋಕರ್ಣದಿಂದ ಕುಮಟಾ, ಹೊನ್ನಾವರ ದಾಟಿ ಮುರುಡೇಶ್ವರದ ತನಕ ಸಮುದ್ರದ ಮಗ್ಗುಲಿಗೇ ಹೋಗುವ ರಸ್ತೆಯನ್ನು ಒಮ್ಮೆ ನೋಡಬೇಕೆಂದು ನಾನು ಶಾಲೆಯ ದಿನಗಳಿಂದ ಕನಸು ಕಂಡವಳು. ಸಂಸಾರಕ್ಕೆ ಬಿದ್ದ ಹೆಂಗಸಿಗೆ ಇಂಥ ದಿನ ಮತ್ತೆ ಯಾವಾಗ ಸಿಗಬೇಕು? ಸಂಕ್ರಮಣದ ಮರುದಿನ ಕರಿ. ಆ ದಿನ ನಮ್ಮ ಕಡೆ ಯಾರೂ ತಮ್ಮ ಊರು ಬಿಟ್ಟು ಹೊರಡುವುದಿಲ್ಲ, ಹೊರಗಿದ್ದವರು ತಮ್ಮ ಊರು ಹೊಗುವುದಿಲ್ಲ, ಕೆಟ್ಟದಾಗುತ್ತದೆ ಎನ್ನುತ್ತಾರೆ. ಈ ನಂಬಿಕೆಯನ್ನು ಊರಲ್ಲಿ ಎಲ್ಲರಿಗಿಂತ ಹೆಚ್ಚು ಹಂಗಿಸಿದವಳು ನಾನು. ಎಲ್ಲರಿಗಿಂತ ಹೆಚ್ಚು ಪಾಲಿಸಿದವರು ಕಾಕಾ. ಅವರ ಹತ್ತಿರ ಹೋಗಿ ಬಹಳ ಗಂಭೀರವಾಗಿ ಹೇಳಿದೆ:

"ಕಾಕಾ, ಈಗ ಬಿಟ್ರ ಊರು ಮುಟ್ಟೂದ್ರಾಗ ನಡುರಾತ್ರಿ ದಾಟಿ ಕರಿ ಹತ್ತತೈತ್ರಿ. ಕರಿಯಾಗ ಊರು ಹೊಕ್ಕಂಗ ಆಕ್ಕೈತಿ. ನಾಳೆ ಈ ಕಡೇನ ಇದ್ದು, ನಾಡದು ಹೋಗೂಣು."

ಕಾಕಾ ನನ್ನ ಕಾಲು ನೋಡಿದರು. "ನಾಳೆ ಫಕೀರಪ್ಪಗ ಹೊಲ ಐತಿ. ಕಡ್ಲಿಗೆ ಕೀಡಿ ಬಿದ್ದಾವ, ಎಣ್ಣಿ ಹೊಡ್ಯಾಕ ಹೋಗ್ತಾನ."

"ಒಂದಿನಕ್ಕ ಏನಾಕ್ಕೈತ್ರಿ ಕಾಕಾ?"

ಅವರು ಗಾಡಿಯಿಂದ ಕ್ಯಾನು ಕೆಳಗೆ ಇಳಿಸಿದರು. ಕರಿಯ ಮಾತು ತೆಗೆದರೆ ಅವರಿಗೆ ಎದುರು ಮಾತಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ತೆಗೆದಿದ್ದೆ.

ಆ ಕರಿಯ ದಿನ ನನ್ನ ಜೀವನದ ಅತಿ ಚಂದದ ದಿನ. ಅದರಲ್ಲಿ ಸುಳ್ಳು ಹೇಳಲು ನನಗೆ ಬರುವುದಿಲ್ಲ. ಬೆಳಿಗ್ಗೆ ಕಾಕಾ ನಮ್ಮ ಮನೆಯವರಿಂದ ಫಕೀರಪ್ಪನಿಗೆ ಫೋನು ಮಾಡಿಸಿದರು. "ಎಲ್ಲಾ ಆರಾಮ ಐತ್ರಿ, ನೀವು ನೋಡ್ಕೊಂಡ ಬರ್ರಿ" ಅಂದ ಅವನು. ಅದನ್ನು ಕೇಳಿದ ಮೇಲೆ ಅವರ ಮುಖ ಸಡಿಲಾಯಿತು. ರಸ್ತೆ ಗುಡ್ಡ ಏರುವುದು, ಕೆಂಪು ಕಲ್ಲಿನ ಕೊರಕಲಿನ ನಡುವೆ ತಿರುಗುವುದು, ತಟ್ಟನೆ ಬಲಕ್ಕೆ ಸಮುದ್ರ ಬಾಯಿ ತೆರೆದು ಕೂತಿರುವುದು. ಒಂದು ಕಡೆ ಗಾಡಿ ನಿಲ್ಲಿಸಿ ಗುಡ್ಡದ ತುದಿಗೆ ಹೋದೆವು. ಕೆಳಗೆ ಕರಿ ಬಂಡೆಗಳಿಗೆ ತೆರೆ ಬಡಿದು ನೊರೆ ಮೇಲಕ್ಕೆ ಹಾರುತ್ತಿತ್ತು. ಅತ್ತೆ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದರು. ಕಾಕಾ ಮಾತ್ರ ತುದಿಯಲ್ಲಿ ಕೂತು, ತೆರೆ ಬಡಿದಾಗಲೆಲ್ಲ ಎತ್ತು ಹೂಡಿದವರಂತೆ "ಹೋ, ಹೋ, ಸಾವಕಾಶ" ಎನ್ನುತ್ತಿದ್ದರು.

ಹೊನ್ನಾವರದ ದೊಡ್ಡ ಸೇತುವೆಯ ಮೇಲೆ ಅವರು "ಗಾಡಿ ನಿಂದರಸ್ರಿ" ಅಂದರು. ಅಲ್ಲಿ ನಿಲ್ಲಿಸುವಂತಿಲ್ಲ. ದಾಟಿ, ಬದಿಗೆ ಹಚ್ಚಿ, ನಡೆದು ಬಂದೆವು. ಹೊಳೆ ಅಗಲವಾಗಿ ಬಂದು ಸಮುದ್ರಕ್ಕೆ ಸೇರುವುದನ್ನು ಅವರು ಕಟಕಟೆ ಹಿಡಿದು ನೋಡಿದರು. "ಇಷ್ಟೂ ಸಿಹಿ?" ಎಂದು ಕೇಳಿದರು. ಹೌದೆಂದೆ. "ಇಷ್ಟೂ ಹೋಗಿ ಉಪ್ಪಿಗೆ ಬೀಳತೈತಿ?" ಹೌದೆಂದೆ. ಅವರ ಕಣ್ಣಲ್ಲಿ ನೀರು ಬಂತು. ಒಂದು ಕೆರೆ ತುಂಬಿಸಲು ಊರಿಗೆ ಊರೇ ಕಾಲುವೆಯ ಮೇಲೆ ಹೋಗಿ ಕೂತದ್ದನ್ನು ಕಂಡ ಜೀವ ಅದು. ಆದರೂ ಕಣ್ಣೊರೆಸಿಕೊಂಡು, "ಹೋಗ್ಲಿ ಬಿಡು. ಅದಕ್ಕೂ ಒಂದ್ ಮನಿ ಬೇಕಲ್ಲ" ಅಂದು ನಕ್ಕರು. ಸಂಜೆ ಮುರುಡೇಶ್ವರದಲ್ಲಿ ಕ್ಯಾನಿನ ತಳದಲ್ಲಿ ಉಳಿದಿದ್ದ ನೀರನ್ನು ಸಮುದ್ರಕ್ಕೆ ಹೊಯ್ದು, "ನಮ್ಮ ಊರಿಂದೂ ಒಂದೀಟು ಇರ್ಲಿ" ಅಂದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಊರು ಹತ್ತಿರ ಬಂತು. ಕೆರೆಯ ದಂಡೆಯ ಮೇಲೆ ಜನ ಸೇರಿದ್ದರು. ನಾವು ಜನರನ್ನು ನೋಡಿದೆವು. ಕಾಕಾ ಗೇಟನ್ನು ನೋಡಿದರು.

"ಚಪ್ಪಲಿ ಇಲ್ಲಲ್ಲೋ" ಅಂದರು.

ಗೇಟಿನ ಹೊರಗೆ ಒಂದು ಜೊತೆ ಚಪ್ಪಲಿಯೂ ಇರಲಿಲ್ಲ. ಯಾರೂ ನೀರಿಗೆ ಹೋಗಿರಲಿಲ್ಲ. ಹಿಂದಿನ ದಿನ ಫಕೀರಪ್ಪ ಹೊಲಕ್ಕೆ ಹೋಗುವಾಗ, ನೀರಿಗೆ ಬಂದವರು ತಿರುಗಿ ಹೋಗಬಾರದೆಂದು ಗೇಟಿಗೆ ಕೀಲಿ ಹಾಕದೆ ಬರೀ ಎಳೆದು ಮುಚ್ಚಿ ಹೋಗಿದ್ದ. ಕಡಲೆಗೆ ಕೀಟನಾಶಕದ ಎಣ್ಣೆ ಹೊಡೆಯಲು ಹೊರಟ ಯಾರೋ, ನೀರಿನ ಮಂದಿಯೆಲ್ಲ ಹೋದ ಮೇಲೆ ಸಂಜೆ ಒಳಗೆ ಬಂದು, ಔಷಧ ಕಲಸಿದ ಡಬ್ಬಿಯನ್ನೇ ಕೆರೆಗೆ ಅದ್ದಿ ನೀರು ತುಂಬಿಕೊಂಡಿದ್ದರು. ಖಾಲಿ ಬಾಟಲಿ ಮೆಟ್ಟಿಲ ಮೇಲೆ ಬಿದ್ದಿತ್ತು. ಯಾರೆಂದು ಇವತ್ತಿನ ತನಕ ಗೊತ್ತಾಗಿಲ್ಲ. ನಾವು ಬಂದ ದಿನ ಬೆಳಿಗ್ಗೆ ಮೊದಲು ನೀರಿಗೆ ಬಂದ ಹೆಣ್ಣುಮಗಳು ವಾಸನೆ ಹಿಡಿದು, ಸತ್ತು ತೇಲುತ್ತಿದ್ದ ಮೀನು ಕಂಡು ಕೂಗಿದ್ದರಿಂದ ಯಾರ ಹೊಟ್ಟೆಗೂ ಹೋಗಲಿಲ್ಲ. ಅಧಿಕಾರಿಗಳು ಬಂದು ನೋಡಿ ಕೆರೆ ಖಾಲಿ ಮಾಡಿಸಲು ಹೇಳಿದರು. ಎಂಜಿನ್ನು ಹಚ್ಚಿ ಊರಿನ ಬೇಸಿಗೆಯನ್ನೆಲ್ಲ ಹೊರಗೆ ಚೆಲ್ಲಿದರು. ಆ ವರ್ಷದ ಕೆರೆಯ ನೀರಿನಲ್ಲಿ ಕೆಡದೆ ಉಳಿದದ್ದು ಕಾಕಾನ ಕ್ಯಾನಿನಲ್ಲಿದ್ದಷ್ಟೇ. ಅದನ್ನೂ ನಾವು ಸಮುದ್ರಕ್ಕೆ ಹೊಯ್ದು ಬಂದಿದ್ದೆವು.

ಚಾವಡಿಯಲ್ಲಿ ಹಿರಿಯರು ಕೂಡಿದರು. ಹೆಂಗಸರು ಅಲ್ಲಿ ಬಾಯಿ ಬಿಡುವ ರೂಢಿ ಇಲ್ಲ. ನಾನು ಎದ್ದು ನಿಂತು, "ಕಾಕಾ ಸಂಕ್ರಮಣದ ದಿನಾನ ಹೊಳ್ಳಿ ಬರಾಕ ನಿಂತಿದ್ರು. ಕರಿ ಅಂತ ನೆವ ಮಾಡಿ ನಿಲ್ಲಿಸಿದಾಕಿ ನಾನು. ನನಗ ತಿರುಗಾಡೂದಿತ್ತು" ಎಂದೆ.

ಕಾಕಾ ತಲೆ ಎತ್ತಲಿಲ್ಲ. "ಆಕಿ ಮಾತು ಬಿಡ್ರಿ. ಸಮುದ್ರ ನೋಡೂ ಆಸೆ ನಂದು. ಫಕೀರಪ್ಪನ್ನೂ ಬಿಡ್ರಿ. ಚಾವಿ ನೀವು ನನ್ನ ಕೈಯಾಗ ಕೊಟ್ಟಿದ್ರಿ, ಅವನ ಕೈಯಾಗ ಕೊಟ್ಟಿರಲಿಲ್ಲ. ಚಾವಿ ಯಾರದೋ, ತಪ್ಪೂ ಅವರದ."

ಹಿರಿಯರಿಗೆ ಅವರ ಮಾತೇ ಸರಿ ಕಂಡಿತು. ಅಷ್ಟೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. "ಸೊಸಿ ದೊಡ್ಡ ಮನಸ್ಸಿನಾಕಿ, ಹಿರಿಯರ ಮಾನ ಉಳಸಾಕ ತನ್ನ ಮ್ಯಾಲೆ ಹಾಕ್ಕೋತಾಳ" ಎಂದು ನನ್ನನ್ನು ಹೊಗಳಿದರು. ಆ ಹೊಗಳಿಕೆ ಇನ್ನೂ ನನ್ನ ಮೈಯಲ್ಲಿ ಮುಳ್ಳಿನಂತೆ ಮುರಿದು ಕೂತಿದೆ. ಬಯ್ಯಲಿ ಎಂದು ಹೋಗಿದ್ದೆ, ಊರು ನನಗೆ ಹೂ ಮುಡಿಸಿ ಕಳಿಸಿತು. ಮಗಳನ್ನು ಕಾದಂತೆ ಕೆರೆ ಕಾದವರು ಆ ತಪ್ಪನ್ನೂ ಹಾಗೆಯೇ ಕಾದರು, ಅದರ ಹತ್ತಿರ ನನ್ನನ್ನು ಸುಳಿಯಗೊಡಲಿಲ್ಲ.

ಆ ಬೇಸಿಗೆ ಊರಿಗೆ ಟ್ಯಾಂಕರಿನಲ್ಲಿ ನೀರು ಬಂತು. ಕೊಡಗಳ ಸಾಲಿನಲ್ಲಿ ಕಾಕಾನ ಕೊಡ ಒಮ್ಮೆಯೂ ಕಾಣಲಿಲ್ಲ. ಅವರು ಬೋರಿನ ಸವುಳು ನೀರನ್ನೇ ಕುಡಿದರು. ನಾನು ಟ್ಯಾಂಕರಿನ ನೀರು ಒಯ್ದು ಕಟ್ಟೆಯ ಮೇಲಿಟ್ಟರೆ, ಮುಟ್ಟದೆ ತಮ್ಮನ ಹೆಂಡತಿಗೆ, "ಬ್ಯಾಳಿಗೆ ತಗೋ" ಎನ್ನುತ್ತಿದ್ದರು. ಹಟ ಹಿಡಿದು ಕೇಳಿದ ದಿನ, "ಸಮುದ್ರ ಕುಡದು ಬಂದಾವ ನಾನು, ಇದು ನನಗೇನ್ ಉಪ್ಪು ಬೇ" ಎಂದು ನಗಿಸಲು ನೋಡಿದರು. ನಾನು ನಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಕೆರೆ ಮತ್ತೆ ತುಂಬಿತು. ಪಂಚಾಯಿತಿಯವರು ಚಾವಿ ಕೊಡಲು ಬಂದರೂ ಅವರು ಕೈ ಚಾಚಲಿಲ್ಲ. ಹೊಸದಾಗಿ ಒಬ್ಬ ಕಾವಲಿಗೆ ಬಂದ. ಕಾಕಾ ದಿನಾ ಬಂದು ಬೇವಿನ ಗಿಡದ ಬುಡದಲ್ಲಿ, ತಂತಿ ಬೇಲಿಯ ಹೊರಗೆ ಕೂತು ಬಂದವರ ಕಾಲು ನೋಡುತ್ತಿದ್ದರು. ಬಾಯಿ ಬಿಡುತ್ತಿರಲಿಲ್ಲ.

ಹೋದ ವರ್ಷ ಅವರು ಹಾಸಿಗೆ ಹಿಡಿದರು. ನಾನು ಕೆರೆಯಿಂದ ಒಂದು ತಂಬಿಗೆ ನೀರು ಒಯ್ದೆ. ಮಲಗಿದಲ್ಲಿಂದಲೇ ಅವರು ನನ್ನ ಪಾದ ನೋಡಿದರು. ಎರೆ ಮಣ್ಣಿನಲ್ಲಿ ಬರಿಗಾಲಲ್ಲಿ ಬಂದಿದ್ದೆ. ಆ ದಿನ ತಂಬಿಗೆಯ ನೀರನ್ನು ಬೇಡ ಅನ್ನಲಿಲ್ಲ, ಎರಡು ಗುಟುಕು ಕುಡಿದರು. ಮೆಲ್ಲಗೆ, "ಆ ಸೇತುವಿ ಮ್ಯಾಲೆ ನಿಂತಿದ್ವಲ್ಲ ಯವ್ವಾ, ಅಗದಿ ಚಂದಿತ್ತು" ಅಂದರು. "ಕಾಕಾ, ಒಮ್ಮೆರೆ ನನಗ ಬೈರಿ" ಎಂದೆ.

ಅವರು ಬಯ್ಯಲಿಲ್ಲ. "ಹೊಸಾ ಕಾವಲಿನವ ಬಿಟ್ಟು ಹೊಂಟಾನಂತ. ಪಂಚಾಯ್ತಿಯವರು ನನ್ನ ಕೇಳಾಕ ಬಂದಿದ್ರು. ಚಾವಿ ಕಲಘಟಗಿಯಾಕಿ ಕೈಯಾಗ ಕೊಡ್ರಿ ಅಂತ ಹೇಳೇನಿ."

"ನನಗ್ಯಾಕ್ರಿ?"

"ನೀ ಇನ್ನ ಎಲ್ಲಿಗೂ ಹೋಗೂದಿಲ್ಲ" ಅಂದರು.

ಅದು ಬೈಗುಳವೋ, ನಂಬಿಕೆಯೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅದೇ ವಾರ ಅವರು ಹೋದರು.

ಚಾವಿ ಈಗ ನನ್ನ ಕೊರಳಲ್ಲಿದೆ. ಹೆಣ್ಣುಮಗಳಿಗೆ ಕೆರೆಯ ಕಾವಲೇ ಎಂದು ಗೊಣಗಿದವರು ಗೊಣಗಿ ಸುಮ್ಮನಾದರು. ಚಾವಿ ಯಾರದೋ ತಪ್ಪು ಅವರದು ಎಂಬುದು ಕಾಕಾನ ಕಾಯಿದೆ. ಚಾವಡಿಯಲ್ಲಿ ನಾನು ಕೇಳಿದಾಗ ಕೊಡದಿದ್ದ ತಪ್ಪನ್ನು ಅವರು ಹೋಗುವಾಗ ಹೀಗೆ ಕೊಟ್ಟು ಹೋದರೆಂದು ನಾನು ತಿಳಿದಿದ್ದೇನೆ.

ಈ ಸಂಕ್ರಮಣಕ್ಕೆ ನಮ್ಮ ಮನೆಯವರು ಅತ್ತೆಯನ್ನು, ಬಾಡಿಗೆಯ ಮಂದಿಯನ್ನು ಕರೆದುಕೊಂಡು ಮತ್ತೆ ಗೋಕರ್ಣಕ್ಕೆ ಹೋದರು. ನಾನು ಬೇವಿನ ಗಿಡದ ಬುಡದಲ್ಲಿದ್ದೆ. ಅಲ್ಲಿಂದ ವಿಡಿಯೋ ಫೋನು ಬಂತು. ಸಮುದ್ರದ ಸಪ್ಪಳ, ಗಾಳಿ, ಅತ್ತೆ ತೆರೆಯಲ್ಲಿ ನಿಂತು ಏನೋ ಕೂಗುತ್ತಿದ್ದರು. ನನ್ನ ಕಣ್ಣು ಅವರ ಮುಖಕ್ಕೆ ಹೋಗಲಿಲ್ಲ, ನೀರಿನೊಳಗಿದ್ದ ಪಾದಗಳಿಗೆ ಹೋಯಿತು.

"ಕಾಲು ತೊಳ್ಕೊಂಡು ಇಳದೀರೇನ್ರಿ?" ಎಂದು ಕೇಳಿದೆ.

ಆ ಕಡೆ ಎಲ್ಲರೂ ನಕ್ಕರು. ಅವರದೇನು ತಪ್ಪು, ಅವತ್ತು ಅದೇ ಮರಳಿನ ಮೇಲೆ ಕೂತು ನಾನೂ ನಕ್ಕಿದ್ದೆ.